ಕಿಂಡಿ ಮುಚ್ಚಿದ ಹೆಬ್ಬಾಗಿಲು

ನದಿ ತಿರುಗುವ ಕಡೆ, ಬೆಟ್ಟದ ಬುಡದಲ್ಲಿ, ಕ್ರೈಸ್ತ ಕನ್ಯಾಸ್ತ್ರೀಯರ ಒಂದು ಮಠವಿತ್ತು. ಈಗ ಅದಕ್ಕೆ ಚಾವಣಿ ಇಲ್ಲ, ಗಂಟೆ ಇಲ್ಲ. ಪ್ರಾರ್ಥನೆ ನಡೆಯುತ್ತಿದ್ದ ಜಾಗದಲ್ಲಿ ಕುರಿ ಮೇಯುತ್ತವೆ. ಹೆಬ್ಬಾಗಿಲ ಕಮಾನು ಮತ್ತು ಅದಕ್ಕೆ ಅಂಟಿಕೊಂಡ ಕಾವಲು ಕೋಣೆ ಮಾತ್ರ ಇನ್ನೂ ಗಟ್ಟಿಯಾಗಿ ನಿಂತಿವೆ.

ಆ ಕೋಣೆಯ ಒಲೆಯಲ್ಲಿ ಬೆಂಕಿ ಇದ್ದ ಕಾಲದ ಮಾತು ಇದು.

ಬಾಗಿಲು ಕಾಯುತ್ತಿದ್ದವರು ಒದೀಲಮ್ಮ. ಮಠ ಸೇರುವ ಮೊದಲು ನದಿ ದಂಡೆಯಲ್ಲಿ ಮೀನು ಮಾರಿ ಬದುಕಿದವರು. ದಪ್ಪ ಮೈ, ಮಂಡಿ ನೋವು, ಸಂತೆಯಲ್ಲಿ ಬೆಳೆದ ಗಂಟಲು. ವಯಸ್ಸಾಯಿತು, ಜೊತೆಗೆ ಒಬ್ಬಳು ಬೇಕು ಎಂದು ಮಠದ ಹಿರಿಯಮ್ಮನವರನ್ನು ಕೇಳಿದ್ದರು.

ಹಿರಿಯಮ್ಮ ಕಳಿಸಿದ್ದು ಅವೀಸಾಳನ್ನು.

ಅವೀಸಾ ಓಡಿ ಬಂದವಳು. ತಂದೆತಾಯಿ ತೀರಿಕೊಂಡ ಮನೆಯಲ್ಲಿ ಅಣ್ಣ ಗೋಬರ್ಟನದೇ ಯಜಮಾನಿಕೆ. ಅವಳನ್ನು ಊರ ಗಿರಣಿಯವನಿಗೆ ಕೊಡುತ್ತೇನೆಂದು ಅವನು ಮಾತು ಕೊಟ್ಟುಬಿಟ್ಟಿದ್ದ. ಗಿರಣಿಯವನಿಗೆ ಅವಳ ಅಪ್ಪನ ವಯಸ್ಸು. ಮದುವೆಯ ಹಿಂದಿನ ದಿನ ಅವಳು ದೋಣಿ ಹತ್ತಿ ನದಿ ದಾಟಿ ಬಂದು ಈ ಹೆಬ್ಬಾಗಿಲು ಬಡಿದಿದ್ದಳು.

ವ್ರತ ತೊಡುವ ಮೊದಲು ಒಂದು ವರ್ಷ ಕಾಯಬೇಕು, ಅದು ಮಠದ ನೇಮ. ಆ ವರ್ಷದೊಳಗೆ ಮನೆಯವರು ಬಂದು ಕರೆದೊಯ್ಯಬಹುದು.

ಅಣ್ಣ ಬಂದರೆ? ಕೈ ಹಿಡಿದು ಎಳೆದರೆ? ಹಗಲು ಉಂಡರೂ ಅದೇ ಯೋಚನೆ, ಇರುಳು ಮಲಗಿದರೂ ಅದೇ.

ಹೆಬ್ಬಾಗಿಲ ಕೆಲಸ ಎಂದಾಗ ಅವಳ ಮುಖ ಬಿಳಿಚಿಕೊಂಡಿತು.

"ಅಡುಗೆಮನೆಗೆ ಹಾಕಿ ತಾಯಿ. ತೋಟಕ್ಕೆ ಹಾಕಿ. ಹಂದಿ ದೊಡ್ಡಿಯಾದರೂ ಸರಿ."

"ಒದೀಲಾ ನೀನೇ ಬೇಕು ಅಂದಿದ್ದಾಳೆ," ಎಂದರು ಹಿರಿಯಮ್ಮ. "ಯಾಕೆ ಅಂತ ಅವಳನ್ನೇ ಕೇಳು."

ಅವೀಸಾ ಕಾವಲು ಕೋಣೆಗೆ ಬಂದು, ಗಂಟನ್ನು ಕೆಳಗಿಡದೆ, ಅದನ್ನೇ ಕೇಳಿದಳು.

"ನೀನು ಬಂದ ದಿನ ಬಾಗಿಲು ಬಡಿದೆಯಲ್ಲ," ಎಂದರು ಒದೀಲಮ್ಮ. "ಗೋಡೆಯ ಮಣ್ಣು ಉದುರೋ ಹಾಗೆ. ಹೊರಗಡೆಯಿಂದ ಅಷ್ಟು ಚೆನ್ನಾಗಿ ಬಡಿಯೋಳು ಒಳಗಡೆಯಿಂದ ಹೇಗೆ ಕೇಳಿಸ್ಕೊತಾಳೆ, ನೋಡೋಣ ಅನ್ನಿಸ್ತು."

"ನನಗೆ ಭಯ ಅಮ್ಮ."

"ಗೊತ್ತು. ಗಂಟು ಕೆಳಗಿಡು. ಭಯವನ್ನೂ ಅಲ್ಲೇ ಪಕ್ಕದಲ್ಲಿಡು, ಜಾಗ ಇದೆ."

ಕೆಲಸ ಕಲಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒದೀಲಮ್ಮ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

"ಬಾಗಿಲು ಬಡಿದ ಸದ್ದು ಕೇಳಿದ ಕೂಡಲೇ 'ದೇವರಿಗೆ ಸ್ತೋತ್ರ' ಅನ್ನಬೇಕು. ಕೂಗಿ ಹೇಳಬೇಕು, ಹೊರಗಿದ್ದವರಿಗೆ ಕೇಳಬೇಕು. ಆಮೇಲೆ 'ಏನು ಬೇಕಪ್ಪ', 'ಏನು ಬೇಕಮ್ಮ' ಅಂತ ಕೇಳಬೇಕು. ನಮ್ಮ ಹಿರಿಯರು ಮಾಡಿಟ್ಟ ನೇಮ."

"ಅಷ್ಟೇನಾ?"

"ಅಷ್ಟೇ. ನನಗೆ ಅಷ್ಟಕ್ಕೇ ಒಂದು ಆಯಸ್ಸು ಹಿಡೀತು."

ಮೊದಲ ಬಡಿತ ಆಗಲೇ ಬಂತು.

ಹೆಬ್ಬಾಗಿಲ ಪಕ್ಕದ ಗೋಡೆಯಲ್ಲಿ, ಆಳೆತ್ತರಕ್ಕೂ ಮೇಲೆ, ಒಂದು ಕಿಂಡಿ ಇತ್ತು. ಹಿಂದೆ ಯಾವುದೋ ಯುದ್ಧದ ಕಾಲದಲ್ಲಿ ಕೊರೆದದ್ದು. ಅವೀಸಾ ಮುಕ್ಕಾಲಿಯನ್ನು ಎಳೆದಳು, ಹತ್ತಿದಳು, ಕಿಂಡಿಗೆ ಕಣ್ಣಿಟ್ಟಳು. ಹೊರಗೆ ಮೊಟ್ಟೆ ಮಾರುವ ಹೆಂಗಸು ನಿಂತಿದ್ದಳು.

"ದೇವರಿಗೆ ಸ್ತೋತ್ರ!" ಎಂದಳು ಅವೀಸಾ, ಉಸಿರು ಬಿಟ್ಟು.

ಒದೀಲಮ್ಮ ಬಟಾಣಿ ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಯಾರಿಗೆ ಹೇಳಿದೆ?"

"ದೇವರಿಗೆ."

"ದೇವರನ್ನು ನೋಡೋಕೆ ಮುಕ್ಕಾಲಿ ಬೇಕಾಯ್ತಾ?"

ಅವೀಸಾಳ ಕಿವಿ ಕೆಂಪಾಯಿತು. ಆದರೆ ಅವಳು ಮೊಂಡಿ. ಮರುದಿನವೂ ಹಾಗೇ ಮಾಡಿದಳು, ಅದರ ಮರುದಿನವೂ. ಬಡಿತ ಕೇಳಿದರೆ ಮೊದಲು ಕಿಂಡಿ, ಆಮೇಲೆ ಸ್ತೋತ್ರ. ಪಾತ್ರೆ ರಿಪೇರಿಯವನು, ಕುಂಟ ಭಿಕ್ಷುಕ, ಯಾತ್ರೆಗೆ ಹೊರಟ ದಂಪತಿ. ಯಾರೂ ಅಣ್ಣನಲ್ಲ ಎಂದು ಖಾತ್ರಿಯಾದ ಮೇಲೆ ಅವಳ ಬಾಯಿ ತೆರೆಯುತ್ತಿತ್ತು.

ಒಂದು ಬೆಳಗ್ಗೆ ನೋಡಿದರೆ ಮುಕ್ಕಾಲಿ ಇಲ್ಲ. ಅದರ ಕಾಲುಗಳು ಒಲೆಯಲ್ಲಿ ಉರಿಯುತ್ತಿದ್ದವು.

"ಚಳಿ ಇತ್ತು," ಎಂದರು ಒದೀಲಮ್ಮ.

ಅವೀಸಾ ಸುತ್ತಲೂ ನೋಡಿದಳು. ನೀರಿನ ಮರದ ಬಾನಿಯನ್ನು ಖಾಲಿ ಮಾಡಿ, ಬೋರಲು ಹಾಕಿ, ಅದರ ಮೇಲೆ ಹತ್ತಿದಳು.

ಒದೀಲಮ್ಮ ಹೊಟ್ಟೆ ಕುಣಿಯುವಂತೆ ನಕ್ಕರು. "ಪರವಾಗಿಲ್ಲ. ಇವಳು ಇಲ್ಲಿ ಉಳಿಯೋಳೇ."

ಆದರೆ ಬಾನಿಯ ವಿಷಯ ಮುಂದೆ ತೆಗೆಯಲಿಲ್ಲ. ಅವರು ಬಾಗಿಲ ಹತ್ತಿರ ಇದ್ದಾಗ ಮಾತ್ರ ಅವೀಸಾಗೆ ಕಿಂಡಿ ಮುಟ್ಟಲು ಪುರಸೊತ್ತೇ ಸಿಗುತ್ತಿರಲಿಲ್ಲ. ಹೊರಗೆ ಕೈ ಹಲಗೆಗೆ ತಾಗುತ್ತಿದ್ದ ಹಾಗೇ ಒಳಗಿನಿಂದ ಅವರ ದನಿ ಗುಡುಗುತ್ತಿತ್ತು.

ಒಮ್ಮೆ ಬಿಷಪರ ಸವಾರಿ ಬಂತು. ಅದೇ ಸಂಜೆ ಮೈತುಂಬಾ ಹುಣ್ಣಿನ ಒಬ್ಬ ಮುದುಕ ಬಂದ. ಇಬ್ಬರಿಗೂ ಒಂದೇ ಸ್ತೋತ್ರ, ಒಂದೇ ಗಟ್ಟಿತನ.

"ಬಿಷಪರಿಗಾದರೂ ಸ್ವಲ್ಪ ಮೆತ್ತಗೆ ಹೇಳಬಾರದಾ ಅಮ್ಮ?"

"ನನಗಿರೋದು ಒಂದೇ ಗಂಟಲು ಮಗಳೇ."

ಅವೀಸಾಗೆ ಸಮಾಧಾನವಾಗಲಿಲ್ಲ. ಅವಳು ಬಟಾಣಿ ಬುಟ್ಟಿಯ ಎದುರು ಕೂತು ಜಗಳಕ್ಕೇ ಇಳಿದಳು.

"ಬಂದವರು ಯಾರು ಅಂತ ಗೊತ್ತಿಲ್ಲ. ಒಳ್ಳೆಯವರೋ ಕೆಟ್ಟವರೋ ಗೊತ್ತಿಲ್ಲ. ಏನು ಹೊತ್ತುಕೊಂಡು ಬಂದಿದ್ದಾರೋ ಅದೂ ಗೊತ್ತಿಲ್ಲ. ಗೊತ್ತಾಗೋ ಮುಂಚೆ ಯಾವುದಕ್ಕೆ ಸ್ತೋತ್ರ?"

"ಗೊತ್ತಾದ ಮೇಲೆ ಹೇಳಿದರೆ ಅದು ಸ್ತೋತ್ರ ಅಲ್ಲ ಹುಡುಗಿ, ವ್ಯಾಪಾರ. ನಾನು ಮೀನು ಮಾರಿದವಳು. ನನಗೆ ಎರಡೂ ಗೊತ್ತು."

"ಕಳ್ಳ ಬಂದರೆ?"

"ಕಳ್ಳನಿಗೂ ನಡೆದು ನಡೆದು ಕಾಲು ನೋವು ಬಂದಿರುತ್ತೆ."

"ನನ್ನ ಅಣ್ಣ ಬಂದರೆ?"

ಒದೀಲಮ್ಮನ ಕೈ ಒಂದು ಕ್ಷಣ ನಿಂತಿತು.

"ನಿನ್ನ ಅಣ್ಣನ ಹೆಸರೇನು?"

"ಗೋಬರ್ಟ್."

"ಒಳ್ಳೆ ಹೆಸರು," ಎಂದು ಅವರು ಮತ್ತೆ ಬಟಾಣಿ ಬಿಡಿಸತೊಡಗಿದರು.

ಇದು ಉತ್ತರವೇ? ಅವೀಸಾ ಸಿಟ್ಟಿನಿಂದ ಎದ್ದುಹೋಗಿ ಅಂಗಳ ಗುಡಿಸಿದಳು. ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು.

ಚಳಿಗಾಲ ಬಂತು. ನದಿಯ ಅಂಚು ಹೆಪ್ಪುಗಟ್ಟಿತು.

ಒಂದು ಮಧ್ಯಾಹ್ನ ಎಲ್ಲರೂ ಪ್ರಾರ್ಥನೆಗೆ ಹೋಗಿದ್ದರು. ಬಾಗಿಲಲ್ಲಿ ಅವೀಸಾ ಒಬ್ಬಳೇ. ಆಗ ಬಡಿತ ಬಂತು. ಮುಷ್ಟಿಯಿಂದ ಬಡಿದದ್ದಲ್ಲ, ಕೋಲಿನ ತುದಿಯಿಂದ.

ಅವಳು ಬಾನಿಯ ಮೇಲೆ ಹತ್ತಿ ನೋಡಿದಳು.

ಬೂದು ಬಣ್ಣದ ಹೇಸರಗತ್ತೆ. ಪಕ್ಕದಲ್ಲಿ, ಮಂಜು ಹಿಡಿದ ಗಡ್ಡದ ಗೋಬರ್ಟ್.

ಅವಳ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಅಣ್ಣ ಮತ್ತೆ ಬಡಿದ. ಕಾದ. ಕೋಲು ಊರಿಕೊಂಡು ಗೋಡೆಯ ಉದ್ದಕ್ಕೂ ನೋಡಿದ. ಕಿಂಡಿಯ ಕಡೆಗೂ ನೋಡಿದ ಹಾಗಾಯಿತು. ಅವಳು ಬಾನಿಯ ಮೇಲೇ ಕುಸಿದು ಕೂತು ಕಿವಿ ಮುಚ್ಚಿಕೊಂಡಳು.

ಆಮೇಲೆ ಗೊರಸಿನ ಸದ್ದು. ದೂರ, ಇನ್ನೂ ದೂರ.

ಹೋದ!

ಅವಳಿಗೆ ನಗು ಬಂತು. ಆದರೂ ಬಾನಿಯಿಂದ ಕೂಡಲೇ ಇಳಿಯಲಿಲ್ಲ.

ಒದೀಲಮ್ಮ ಕುಂಟುತ್ತಾ ವಾಪಸು ಬಂದರು.

"ಯಾರಾದರೂ ಬಂದಿದ್ದರಾ?"

"ಇಲ್ಲ ಅಮ್ಮ."

ಒದೀಲಮ್ಮ ಅವಳ ಮುಖ ನೋಡಿದರು, ಬೋರಲು ಬಿದ್ದ ಬಾನಿ ನೋಡಿದರು. "ಒಲೆಗೆ ಒಂದು ಕೊರಡು ಹಾಕು," ಎಂದರು.

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ವಾರಕ್ಕೊಮ್ಮೆ ಎಲ್ಲರೂ ಕಲ್ಲಿನ ಬೆಂಚುಗಳ ಮೇಲೆ ಸುತ್ತ ಕೂರುತ್ತಿದ್ದರು. ಒಬ್ಬೊಬ್ಬರೇ ಎದ್ದು ಆ ವಾರದ ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಒಬ್ಬಳು ಪ್ರಾರ್ಥನೆಯಲ್ಲಿ ತೂಕಡಿಸಿದ್ದಳು, ಒಬ್ಬಳು ಜೇನು ಕದ್ದು ನೆಕ್ಕಿದ್ದಳು.

ಅವೀಸಾ ಎದ್ದು, "ಒಂದು ಮಡಕೆ ಒಡೆದೆ," ಎಂದಳು. ಮುಂದಿನ ವಾರ, "ಊಟದ ಹೊತ್ತಲ್ಲಿ ನಕ್ಕೆ." ಅದರ ಮುಂದಿನ ವಾರ ಹೇಳಲು ಏನೂ ಹೊಳೆಯದೆ, "ಇನ್ನೊಂದು ಮಡಕೆ ಒಡೆದೆ," ಎಂದಳು.

"ಈ ಹುಡುಗಿ ಹೀಗೇ ತಪ್ಪೊಪ್ಪಿಕೊಂಡರೆ ನಮಗೆ ಉಣ್ಣೋಕೆ ಪಾತ್ರೆ ಉಳಿಯಲ್ಲ," ಎಂದು ಒದೀಲಮ್ಮ ಪಿಸುಗುಟ್ಟಿದರು. ಪಕ್ಕದವರು ನಗು ತಡೆಯಲು ಮುಸುಕಿನ ಅಂಚಿಗೆ ಬಾಯಿ ಒತ್ತಿದರು.

ಅವೀಸಾಗೆ ನಗು ಬರಲಿಲ್ಲ. ಅಣ್ಣ ಹೋದನಲ್ಲ ಎಂಬ ನೆಮ್ಮದಿ ಎರಡು ದಿನವೂ ಬಾಳಿರಲಿಲ್ಲ. ಒಮ್ಮೆ ಬಂದವನು ಮತ್ತೆ ಬರುತ್ತಾನೆ. ಇನ್ನೂ ಸಿಟ್ಟಾಗಿ ಬರುತ್ತಾನೆ. ಜನ ಕಟ್ಟಿಕೊಂಡು ಬರುತ್ತಾನೆ. ಮೊದಲು ಬಡಿತಕ್ಕೆ ಹೆದರುತ್ತಿದ್ದವಳು ಈಗ ಬಡಿತ ಇಲ್ಲದಿರುವುದಕ್ಕೂ ಹೆದರುತ್ತಿದ್ದಳು. ಊಟ ಇಳಿಯಲಿಲ್ಲ. ಕೆನ್ನೆಯ ಮೂಳೆ ಎದ್ದಿತು.

ಹಿಮ ಕರಗಿ ನದಿ ಕೆಂಪಾಗಿ ಹರಿಯುತ್ತಿದ್ದ ದಿನಗಳಲ್ಲಿ ಅವಳು ಒದೀಲಮ್ಮನ ಮುಂದೆ ಬಂದು ನಿಂತಳು.

"ಅವತ್ತು ಬಂದಿದ್ದರು ಅಮ್ಮ."

"ಹೂಂ."

"ನನ್ನ ಅಣ್ಣ. ನೋಡಿದೆ. ಸ್ತೋತ್ರ ಹೇಳಲಿಲ್ಲ. ಉಸಿರೇ ಎತ್ತಲಿಲ್ಲ. ನಿಮಗೆ ಸುಳ್ಳು ಹೇಳಿದೆ."

"ಮಡಕೆಗಳು?"

"ಮೊದಲನೇದು ನಿಜ. ಎರಡನೇದು... ತಪ್ಪು ಬೇಕಾಗಿತ್ತು, ಅದಕ್ಕೇ ಒಡೆದೆ."

ಒದೀಲಮ್ಮ ಒಲೆಯ ಕೊರಡನ್ನು ಒಳಕ್ಕೆ ನೂಕಿದರು. ಬೈಯುತ್ತಾರೆ, ಹಿರಿಯಮ್ಮನ ಹತ್ತಿರ ಕಳಿಸುತ್ತಾರೆ, ಮಠದಿಂದಲೇ ಹೊರಗೆ ಹಾಕುತ್ತಾರೆ ಎಂದು ಅವೀಸಾ ಕಾದಳು.

"ಸುಣ್ಣ ಎಲ್ಲಿದೆ ಗೊತ್ತಾ?"

"ಗೊತ್ತು."

"ಮರಳು ಸೇರಿಸಿ ಗಾರೆ ಕಲಸು. ಕರಣೆ ತಗೊಂಡು ಬಾ."

ಅವೀಸಾ ಕಲಸಿ ತಂದಳು. ಒದೀಲಮ್ಮ ಕಿಂಡಿಯ ಕಡೆ ಕೈ ತೋರಿದರು.

"ನಾನಾ?"

"ನನ್ನ ಮಂಡಿಗೆ ಬಾನಿ ಹತ್ತೋಕೆ ಆಗುತ್ತಾ?"

ಅವಳು ಬಾನಿಯ ಮೇಲೆ ಹತ್ತಿ ಕೊನೆಯ ಸಲ ಹೊರಗೆ ನೋಡಿದಳು. ಖಾಲಿ ದಾರಿ, ಒಂದು ಕಾಗೆ. ಆಮೇಲೆ ಒಂದು ಕಲ್ಲು ತುರುಕಿ, ಗಾರೆ ಮೆತ್ತಿ, ಕರಣೆಯಿಂದ ನುಣ್ಣಗೆ ತೀಡಿದಳು. ತೀಡುವಾಗ ಅಳು ಬಂತು. ಮೂಗು ಒರೆಸಿಕೊಳ್ಳಲು ಹೋಗಿ ಮೂಗಿಗೂ ಸುಣ್ಣವಾಯಿತು.

"ಇನ್ನು ನಾನು ಹೇಗೆ ತಿಳ್ಕೊಳ್ಳಲಿ ಅಮ್ಮ?"

"ಎಲ್ಲರೂ ತಿಳ್ಕೊಳ್ಳೋ ಹಾಗೆ. ಕೇಳಿ."

ಆವತ್ತಿನಿಂದ ಪ್ರತಿ ಬಡಿತಕ್ಕೂ ಅವಳ ಕಣ್ಣು ಗೋಡೆಗೆ ಹೋಗಿ, ಗಾರೆಗೆ ತಾಗಿ, ವಾಪಸು ಬರುತ್ತಿತ್ತು. ಬೇರೆ ದಾರಿ ಇರಲಿಲ್ಲ. ಸ್ತೋತ್ರ ಹೇಳಿದಳು. ಮೊದಮೊದಲು ಮುದುಡಿದ ದನಿಯಲ್ಲಿ. ಹೊರಗಿದ್ದ ಮೊಟ್ಟೆಯವಳು, "ಒಳಗೆ ಬೆಕ್ಕು ಇದೆಯಾ?" ಎಂದು ಕೇಳಿದಳು. ದಿನ ಕಳೆದಂತೆ ದನಿ ಸ್ವಲ್ಪ ಸ್ವಲ್ಪವೇ ಬಾಯಿಂದ ಆಚೆ ಬಂತು.

ಬೇಸಿಗೆ ಬಂತು, ಹುಲ್ಲುಗಾವಲುಗಳಲ್ಲಿ ಹುಲ್ಲು ಕೊಯ್ಯುವ ಕಾಲ. ಒದೀಲಮ್ಮ ಬಾಗಿಲ ಪಕ್ಕ ಬಟಾಣಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಬಡಿತ ಬಂತು.

ಕೋಲಿನ ತುದಿ.

ಅವೀಸಾಳ ಕಣ್ಣು ಗೋಡೆಯ ಗಾರೆಗೆ ಹೋಗಿ ನಿಂತಿತು. ಬಾಯಿ ಮಾತ್ರ, ಅಭ್ಯಾಸ ಬಿದ್ದ ಬಾಯಿ, ತಾನೇ ತೆರೆಯಿತು.

"ದೇವರಿಗೆ ಸ್ತೋತ್ರ!"

ಹೊರಗೆ ಕೋಲಿನ ಸದ್ದು ನಿಂತಿತು.

"ಅವೀಸಾ? ಅದು ನೀನೇನಾ?"

ಅಣ್ಣನ ದನಿ. ಅವಳು ಒದೀಲಮ್ಮನ ಕಡೆ ತಿರುಗಿದಳು. ಒದೀಲಮ್ಮ ಕೂತಲ್ಲಿಂದಲೇ ತಮ್ಮ ಪೀಠವನ್ನು ಕರಕರ ಎಳೆದುಕೊಂಡು ಬಂದು, ಬೆನ್ನನ್ನು ಹೆಬ್ಬಾಗಿಲಿಗೆ ಒರಗಿಸಿ ಕೂತರು.

"ಬೆನ್ನು ನೋವು," ಎಂದರು ಮೆಲ್ಲಗೆ. "ನೇಮದ ಎರಡನೇ ಮಾತು ಮರೆತೆಯಾ?"

ಅವೀಸಾ ಬಾಗಿಲ ಹತ್ತಿರ ಬಂದಳು.

"ಏನು ಬೇಕು ಅಣ್ಣ?" ಎಂದು ಕೇಳಿದವಳು ಉತ್ತರಕ್ಕೆ ಕಾಯಲಿಲ್ಲ. ವರ್ಷವಿಡೀ ಎದೆಯಲ್ಲಿ ಕುದಿದದ್ದೆಲ್ಲ ಒಟ್ಟಿಗೆ ಉಕ್ಕಿತು. "ನಾನು ಬರಲ್ಲ! ನೀನು ಹೊಡೆದರೂ ಬರಲ್ಲ, ಕಟ್ಟಿ ಎಳೆದರೂ ಬರಲ್ಲ. ಆ ಗಿರಣಿಯವನ ಮನೆಗೆ ನನ್ನ ಹೆಣವೂ ಬರಲ್ಲ. ನನ್ನ ಜಾಗ ಇದು. ನಾನೇ ಹುಡುಕಿಕೊಂಡಿದ್ದು. ನನ್ನ ಕಾಲ ಮೇಲೆ ನಡೆದುಬಂದು ಹುಡುಕಿಕೊಂಡಿದ್ದು!"

ಅವಳ ದನಿ ಕಮಾನಿನೊಳಗೆ ಸುತ್ತಿ ಅಡಗಿತು. ಅಂಗಳದಲ್ಲಿ ಒಬ್ಬಿಬ್ಬರು ಕೆಲಸ ಬಿಟ್ಟು ನಿಂತರು.

"ನಿನ್ನನ್ನ ಕರೆದವರು ಯಾರೇ?" ಎಂದ ಗೋಬರ್ಟ್.

"...ಏನು?"

"ಗಿರಣಿಯವನು ನೀನು ಓಡಿಹೋದ ತಿಂಗಳೊಳಗೇ ಕಮ್ಮಾರನ ಮಗಳನ್ನ ಕಟ್ಟಿಕೊಂಡ. ಅವಳು ಈಗ ಅವನನ್ನೇ ಕಲ್ಲಿಗೆ ಹಾಕಿ ಬೀಸ್ತಾ ಇದ್ದಾಳೆ. ನಿನ್ನ ಹೆಸರು ಅಲ್ಲಿ ಯಾರೂ ಎತ್ತಲ್ಲ ಮಾರಾಯ್ತಿ."

ಅವೀಸಾ ಗೋಡೆ ಹಿಡಿದುಕೊಂಡಳು. ಎದೆಯ ಮೇಲಿಂದ ಗಿರಣಿಯ ಕಲ್ಲೇ ಇಳಿದ ಹಾಗಾಯಿತು. ತಿಂಗಳೊಳಗೇ ಮರೆತನಲ್ಲ ಎಂದು, ಎಲ್ಲೋ ಒಂದು ಮೂಲೆಯಲ್ಲಿ, ಚೂರು ಅವಮಾನವೂ ಆಯಿತು. ಅದಕ್ಕೆ ಅವಳಿಗೆ ತನ್ನ ಮೇಲೇ ನಗು ಬಂತು.

"ಇದನ್ನ ಹೇಳೋಕೆ ಚಳಿಗಾಲದಲ್ಲೇ ಬಂದಿದ್ದೆ," ಎಂದ ಗೋಬರ್ಟ್. "ಹೆದರ್ಕೊಂಡಿರ್ತೀಯ, ಒಂದು ಮಾತು ತಿಳಿಸಿ ಬರೋಣ ಅಂತ. ಅಮ್ಮನ ಉಣ್ಣೆ ಕಂಬಳಿನೂ ತಂದಿದ್ದೆ. ಇಲ್ಲಿ ನೋಡಿದರೆ ಬಡಿದು ಬಡಿದು ನನ್ನ ಕೈ ಮರಗಟ್ಟಿತು, ಒಂದು ನರಪಿಳ್ಳೆನೂ ಓಗೊಡಲಿಲ್ಲ. ರೋಗ ಬಂದು ಎಲ್ಲರೂ ಸತ್ತೇಹೋದರೇನೋ, ನೀನೂ ಹೋದೆಯೇನೋ ಅಂದ್ಕೊಂಡೆ. ಮೊನ್ನೆ ದೋಣಿಯವನು ಹೇಳಿದ, ಮಠದಲ್ಲಿ ಜನ ಇದ್ದಾರೆ, ಬಾಗಿಲಲ್ಲಿ ಒಬ್ಬಳು ಬೆಕ್ಕಿನ ಥರ ಕೂಗ್ತಾಳೆ ಅಂತ. ನೀನೇ ಇರಬೇಕು ಅನ್ನಿಸಿತು."

ಒಳಗೆ ಒದೀಲಮ್ಮನ ಭುಜ ನಗುವಿಗೆ ಕುಲುಕುತ್ತಿತ್ತು.

"ಕಂಬಳಿ ಎಲ್ಲಿ?" ಎಂದಳು ಅವೀಸಾ. ಕೇಳಬೇಕಾದದ್ದು ಅದಲ್ಲ ಎಂದು ಗೊತ್ತಿದ್ದರೂ ಬಾಯಿಗೆ ಬಂದದ್ದು ಅದೇ.

"ವಾಪಸು ಹೋಗುವಾಗ ದಾರಿಯಲ್ಲಿ ಒಬ್ಬ ಮುದುಕಿ ನಡುಗ್ತಾ ಕೂತಿದ್ದಳು. ಕೊಟ್ಟುಬಿಟ್ಟೆ. ಸತ್ತವಳಿಗೆ ಯಾಕೆ ಕಂಬಳಿ ಅಂತ." ಅವನ ದನಿ ಸಣ್ಣದಾಯಿತು. "ನಾನು ನಿನಗೆ ಮಾಡಿದ್ದು ಸರಿ ಇರಲಿಲ್ಲ ಕಣೇ. ಅದನ್ನೂ ಹೇಳೋಣ ಅಂತಲೇ ಬಂದಿದ್ದೆ."

ಅವೀಸಾ ಅಗಳಿಗೆ ಕೈ ಹಾಕಿದಳು.

"ಅಮ್ಮ, ಸ್ವಲ್ಪ ಸರೀರಿ."

"ಸರೀಬೇಕಾ?"

"ನಾನು ತೆಗೀತೀನಿ."

ಒದೀಲಮ್ಮ ಪೀಠ ಎಳೆದುಕೊಂಡು ಪಕ್ಕಕ್ಕೆ ಹೋದರು. ಬಾಗಿಲು ತೆರೆಯಿತು.

ವರ್ಷವಿಡೀ ಅವಳ ಮನಸ್ಸಿನಲ್ಲಿ ಆ ಗೋಬರ್ಟ್ ಬೆಳೆದು ಬೆಳೆದು ಕಮಾನಿನಷ್ಟು ಎತ್ತರವಾಗಿದ್ದ. ಹೊರಗೆ ನಿಂತವನು ಅವಳಿಗಿಂತ ಚೂರು ಮಾತ್ರ ಉದ್ದ. ಗಡ್ಡದಲ್ಲಿ ಹುಲ್ಲು ಸಿಕ್ಕಿಕೊಂಡಿತ್ತು.

"ಬಡಕಲಾಗಿದ್ದೀಯ," ಎಂದ ಅವನು.

"ನಿನ್ನಿಂದಲೇ," ಎಂದಳು ಅವಳು. ಇಬ್ಬರೂ ನಕ್ಕರು, ಇಬ್ಬರ ಕಣ್ಣೂ ಒದ್ದೆಯಾಯಿತು.

ಬಂದವರಿಗೆ ಮಾಡುವ ಹಾಗೆ ಅವಳು ಅವನ ಕಾಲಿಗೆ ನೀರು ಕೊಟ್ಟಳು, ರೊಟ್ಟಿ ಮತ್ತು ಬಟಾಣಿ ಗಂಜಿ ಬಡಿಸಿದಳು. ಅವನು ಎರಡು ಸಲ ಹಾಕಿಸಿಕೊಂಡು ಉಂಡ. ಚಳಿಗಾಲಕ್ಕೆ ಮುಂಚೆ ಇನ್ನೊಂದು ಕಂಬಳಿ ನೇಯಿಸಿ ತರುತ್ತೇನೆ ಎಂದು ಹೇಳಿ, ಬಿಸಿಲು ಇಳಿಯುವ ಹೊತ್ತಿಗೆ ಹೇಸರಗತ್ತೆ ಹೊಡೆದುಕೊಂಡು ದೋಣಿಯ ಕಡೆ ಹೋದ.

ಅವೀಸಾ ಅವನು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡಿದಳು. ಒಳಗೆ ಬಂದು ಒದೀಲಮ್ಮನ ಕಾಲ ಬಳಿ ಧೊಪ್ಪನೆ ಕೂತಳು. ಹೆಗಲು ಎಷ್ಟು ಹಗುರಾಗಿತ್ತೆಂದರೆ, ಎದ್ದು ನಿಂತರೆ ತೇಲಿಹೋದೇನು ಅನ್ನಿಸುತ್ತಿತ್ತು.

"ಅವತ್ತೇ ಬಾಯಿ ಬಿಟ್ಟಿದ್ದರೆ ಇಷ್ಟು ತಿಂಗಳು ಬೇಯೋದು ತಪ್ತಿತ್ತು. ಕಂಬಳಿನೂ ಸಿಗ್ತಿತ್ತು."

"ಹೂಂ. ಮುದುಕಿಗೆ ಸಿಗ್ತಿರಲಿಲ್ಲ."

ಅವೀಸಾ ಸ್ವಲ್ಪ ಹೊತ್ತು ಬಟಾಣಿ ಬಿಡಿಸಿದಳು. ಮೊಂಡುತನ ಅವಳನ್ನು ಬಿಡಲಿಲ್ಲ.

"ಇವತ್ತೇನೋ ಅವನು ಒಳ್ಳೆ ಮಾತು ತಂದ. ಅದಕ್ಕೇ ಎಲ್ಲ ಚೆನ್ನಾಗಿ ಕಾಣ್ತಿದೆ. ನಿಜವಾಗಲೂ ನನ್ನನ್ನ ಎಳ್ಕೊಂಡು ಹೋಗೋಕೇ ಬಂದಿದ್ದರೆ? ಆಗಲೂ ಸ್ತೋತ್ರ ಹೇಳಬೇಕಿತ್ತಾ?"

"ಹೇಳಬೇಕಿತ್ತು."

"ಹೇಳಿ ಏನು ಬಂತು ಅಮ್ಮ? ಆಮೇಲೆ ನನ್ನ ಗತಿ?"

ಒದೀಲಮ್ಮ ಅವಳ ಮಡಿಲಿನಿಂದ ಒಂದು ಹಸಿ ಬಟಾಣಿ ತೆಗೆದು ಬಾಯಿಗೆ ಹಾಕಿಕೊಂಡರು.

"ಸ್ತೋತ್ರ ಹೇಳು ಅಂದೆ ಮಗಳೇ. ಬಾಗಿಲು ತೆಗಿ ಅಂತ ನಾನು ಯಾವತ್ತಾದರೂ ಹೇಳಿದ್ದೆನಾ?"